ಸಂಜೆ ಐದರ ದನಿ

ಮೊನ್ನೆ ರಕ್ತ ಪರೀಕ್ಷೆಗೆಂದು ಶಿವಮೊಗ್ಗದ ಒಂದು ಲ್ಯಾಬಿಗೆ ಹೋಗಿದ್ದೆ. ಅಲ್ಲಿನ ಹುಡುಗಿ ನನ್ನ ತೋಳಿಗೆ ರಬ್ಬರ್ ಪಟ್ಟಿ ಬಿಗಿದು, ಹತ್ತಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ ಮೊಣಕೈ ಮಡಿಕೆಗೆ ಉಜ್ಜಿದಳು. ಆ ತಣ್ಣನೆಯ, ಮೂಗಿಗೆ ಚುರುಕ್ಕೆನ್ನುವ ವಾಸನೆ... ಬೇರೆಯವರಿಗೆ ಅದು ಆಸ್ಪತ್ರೆಯ ವಾಸನೆ. ನನಗೆ ಮಾತ್ರ ಅದು ಭದ್ರಾವತಿಯ ಹಳೇನಗರದ ಒಂದು ಮನೆಯ ಮುಂಗೋಣೆಯ ವಾಸನೆ. ಅಲ್ಲಿ ಒಬ್ಬರು ದಿನವೂ ಹತ್ತಿಗೆ ಹೀಗೇ ಸ್ಪಿರಿಟ್ ಹಾಕಿಕೊಂಡು ವಿಸಿಆರ್‌ನ ಹೊಟ್ಟೆಯೊಳಗೆ ಬೆರಳು ತೂರಿಸಿ ಒರೆಸುತ್ತಿದ್ದರು.

ಅವರನ್ನು ನಾನು ಅತ್ತಿಗೆ ಎನ್ನುತ್ತಿದ್ದೆ. ನಂಟಿನಿಂದ ಅಲ್ಲ. ಅವರ ಗಂಡ ನಮ್ಮ ಅಪ್ಪನಿಗೆ ಗೊತ್ತಿದ್ದವರು, ಊರಿನ ಒಂದು ಭಾಗಕ್ಕೆ ಕೇಬಲ್ ಟೀವಿ ಕೊಟ್ಟಿದ್ದವರು. ಅವರನ್ನು ಅಣ್ಣ ಎಂದು ಕರೆದ ಮೇಲೆ ಇವರು ಅತ್ತಿಗೆಯಾದರು, ಅಷ್ಟೆ.

ಆಗ ನಾನು ಪಿಯುಸಿ. ಅಪ್ಪ ಕಾರ್ಖಾನೆಯಲ್ಲಿದ್ದರು. ಅಲ್ಲಿ ಕೆಲಸ ಇರುವ ದಿನಗಳಿಗಿಂತ ಇಲ್ಲದ ದಿನಗಳೇ ಹೆಚ್ಚಾಗುತ್ತಿದ್ದ ಕಾಲ ಅದು. ಕೆಲಸವಿಲ್ಲದ ಗಂಡಸು ಮನೆಯಲ್ಲಿ ಕೂತರೆ ಮೊದಲು ಕಣ್ಣಿಗೆ ಬೀಳುವುದು ಬೆಳೆದ ಮಗಳು. ನಾನು ಬಾಗಿಲಲ್ಲಿ ನಿಂತರೆ ಯಾಕೆ ನಿಂತೆ, ಕನ್ನಡಿ ಮುಂದೆ ನಿಂತರೆ ಯಾಕೆ ನಿಂತೆ. ಗೆಳತಿಯರು ತಲೆಗೆ ಪ್ಲಾಸ್ಟಿಕ್ ಚಿಟ್ಟೆಯ ಕ್ಲಿಪ್ ಸಿಕ್ಕಿಸಿಕೊಂಡು, ಬಸ್‌ಸ್ಟ್ಯಾಂಡಿನಲ್ಲಿ ಸಿಗುವ ಸಿನಿಮಾ ಹಾಡಿನ ಪುಸ್ತಕ ಕೊಂಡು ಹೊಳೆಯ ಸೇತುವೆಯ ಮೇಲೆ ಹಾಡಿಕೊಂಡು ಹೋಗುತ್ತಿದ್ದರೆ, ನನಗೆ ಕಾಲೇಜು ಬಿಟ್ಟರೆ ಮನೆ, ಮನೆ ಬಿಟ್ಟರೆ ಕಾಲೇಜು. ಟೈಪಿಂಗ್ ಕಲಿತಿದ್ದುದರಿಂದ ಕೇಬಲ್ ಅಣ್ಣ ಅಪ್ಪನನ್ನು ಕೇಳಿದರು, ಮಧ್ಯಾಹ್ನದ ಮೇಲೆ ಬಂದು ಪರದೆಯ ಕೆಳಗೆ ಓಡುವ ಹುಟ್ಟುಹಬ್ಬದ ಶುಭಾಶಯ, ಸೀರೆ ಅಂಗಡಿಯ ಜಾಹೀರಾತು ಬೆರಳಚ್ಚು ಮಾಡಿಕೊಡ್ತಾಳಾ ಅಂತ. ಅಪ್ಪ ಬಹಳ ಯೋಚಿಸಿ ಒಪ್ಪಿದರು.

"ಅಂಗಡಿಯಲ್ಲ, ಮನೆ. ಒಳಗೆ ಇಬ್ಬರು ಹೆಂಗಸರಿದ್ದಾರೆ. ಹೋಗಲಿ," ಅಂದರು ಅಮ್ಮನ ಹತ್ತಿರ.

ಒಂದು ಬಾಗಿಲಿಂದ ಹೊರಬಿದ್ದೆ ಅಂದುಕೊಂಡು ಹೋದವಳು, ಇನ್ನೊಂದು ಬಾಗಿಲೊಳಗೆ ಕಾಲಿಟ್ಟಿದ್ದೆ.

ಆ ಮುಂಗೋಣೆಗೆ ಎರಡು ಕಿಟಕಿಗಳಿದ್ದವು. ಧೂಳಿಗೂ ಕಳ್ಳರಿಗೂ ಹೆದರಿ ಎರಡಕ್ಕೂ ಮೊಳೆ ಹೊಡೆದಿದ್ದರು. ಗೋಡೆಗೆ ಹಲಗೆ ಬಡಿದು ಅದರ ತುಂಬ ಯಂತ್ರಗಳು, ಹಾವಿನ ಮರಿಗಳ ಹಾಗೆ ಹೊಸೆದುಕೊಂಡ ವೈರುಗಳು, ಸೂರಿನವರೆಗೆ ಕ್ಯಾಸೆಟ್ಟುಗಳು. ಯಂತ್ರಗಳ ಶಾಖಕ್ಕೆ ಕೋಣೆ ಒಲೆಯಂತೆ ಕಾಯುತ್ತಿತ್ತು. ಇದ್ದ ಒಂದು ಟೇಬಲ್ ಫ್ಯಾನನ್ನು ಯಂತ್ರಗಳ ಕಡೆಗೆ ತಿರುಗಿಸಿ ಇಟ್ಟಿದ್ದರು. ನಮ್ಮ ಕಡೆಗೆ ಅಲ್ಲ.

ಆ ಕೋಣೆಯ ಯಜಮಾನಿಕೆ ಅತ್ತಿಗೆಯದು. ಅಣ್ಣ ಹೊತ್ತು ಹುಟ್ಟುವ ಮೊದಲೇ ಏಣಿ, ವೈರಿನ ಸುರುಳಿ ಹಿಡಿದು ಸ್ಕೂಟರಿನಲ್ಲಿ ಹೋದರೆ ಕಂಬ ಹತ್ತುವುದು, ಲೈನು ನೋಡುವುದು. ಮನೆಯಲ್ಲಿ ಕೂತು ಊರಿಗೆ ಸಿನಿಮಾ ತೋರಿಸುವುದು ಅತ್ತಿಗೆ. ಒಂದು ಕ್ಯಾಸೆಟ್ ಹೆಚ್ಚೆಂದರೆ ಮೂರು ಗಂಟೆ ಓಡುತ್ತದೆ. ಅದು ಮುಗಿದ ಕೂಡಲೇ ಇನ್ನೊಂದು ಹಾಕದಿದ್ದರೆ ಮನೆಮನೆಯ ಟೀವಿಯೂ ನೀಲಿಯಾಗಿ, ಫೋನು ಹೊಡೆದುಕೊಳ್ಳಲು ಶುರುವಾಗುತ್ತಿತ್ತು. ಹಾಗಾಗಿ ಅತ್ತಿಗೆಯ ಬದುಕೆಲ್ಲ ಮೂರು ಮೂರು ಗಂಟೆಯ ತುಂಡುಗಳಲ್ಲಿ ನಡೆಯುತ್ತಿತ್ತು. ಒಂದು ಸಿನಿಮಾದೊಳಗೆ ಅಡುಗೆ, ಒಂದರೊಳಗೆ ಬಟ್ಟೆ. ಒಳಕೋಣೆಯಲ್ಲಿ ಅವರ ಅತ್ತೆ ಮಲಗಿದ್ದರು. ಬಲಭಾಗಕ್ಕೆ ಪಾರ್ಶ್ವವಾಯು ಹೊಡೆದು ಮೇಲೇಳಲಾರದ ಅಜ್ಜಿ. ಅವರನ್ನು ಎತ್ತಿ ಕೂರಿಸಿ, ಮೈ ಒರೆಸಿ, ಉಣಿಸುವುದೂ ಒಂದು ಸಿನಿಮಾದೊಳಗೆ. ಬೀದಿಯಲ್ಲಿ ಮದುವೆಯಾದರೆ ಓಡಿಹೋಗಿ ಅಕ್ಷತೆ ಹಾಕಿ, ಉಣ್ಣದೆ ಓಡಿಬರುವುದು.

ತಮಾಷೆಯೆಂದರೆ ಅಷ್ಟೊಂದು ಸಿನಿಮಾ ತೋರಿಸಿದವರು ಒಂದನ್ನೂ ಪೂರ್ತಿ ನೋಡಿರಲಿಲ್ಲ. ಹೆಸರು ಬೀಳುವುದನ್ನು ನೋಡುತ್ತಿದ್ದರು, ಕಡೆಯ ಹೊಡೆದಾಟ ನೋಡುತ್ತಿದ್ದರು.

"ಮಧ್ಯ ಏನಾಯ್ತು ಹೇಳೇ ಮಾರಾಯ್ತಿ," ಎಂದು ನನ್ನನ್ನು ಕೇಳುವರು. "ಮೊದ್ಲು ಅಷ್ಟು ಜಗಳ ಆಡ್ತಿದ್ರು. ಈಗ ನೋಡಿದ್ರೆ ಮದ್ವೆ ಆಗ್ತಿದಾರೆ."

ನಾನು ಟೈಪು ಮಾಡುತ್ತಲೇ ಕಥೆ ಹೇಳುತ್ತಿದ್ದೆ. ನಾಯಕಿ ಪೇಟೆಯ ಹುಡುಗಿ, ನಾಯಕ ಅಂಗಿಯ ಗುಂಡಿ ಬಿಚ್ಚಿಕೊಂಡು ಬೈಕಿನಲ್ಲಿ ಬರುವವನು, ನಡುವೆ ಒಂದು ಮಳೆ ಹಾಡು. ಎಲ್ಲ ಸಿನಿಮಾಗಳ ಮಧ್ಯವೂ ಹೆಚ್ಚುಕಡಿಮೆ ಒಂದೇ ಎಂದು ಗೊತ್ತಿದ್ದರೂ ಅತ್ತಿಗೆ ಹೊಸದಾಗಿ ಕೇಳುತ್ತಿದ್ದರು.

ಸಂಜೆ ಐದಕ್ಕೆ ಮಾತ್ರ ಆ ಕೋಣೆ ಬೇರೆಯಾಗುತ್ತಿತ್ತು. ಆಗ ನಮ್ಮ ಊರಿನ ಕೇಬಲ್ಲಿನಲ್ಲಿ ಫೋನ್ ಮಾಡಿ ಹಾಡು ಕೇಳುವ ಕಾರ್ಯಕ್ರಮ. ಪರದೆಯ ಮೇಲೆ ಗುಲಾಬಿ ಹೂವಿನ ಚಿತ್ರವೊಂದು ಅಲುಗಾಡದೆ ನಿಂತಿರುತ್ತಿತ್ತು, ಹಿಂದಿನಿಂದ ಅತ್ತಿಗೆಯ ದನಿ. ಮುಖ ತೋರಿಸುವುದು ಬೇಡ ಎಂದು ಅಣ್ಣ ಮೊದಲೇ ಹೇಳಿದ್ದರು. ಹಾಗಿದ್ದೂ ಅತ್ತಿಗೆ ಐದಕ್ಕೆ ಮೊದಲು ಮುಖ ತೊಳೆದು, ಪೌಡರ್ ಹಚ್ಚಿ, ತಲೆ ಬಾಚಿ, ಸೆರಗು ಸರಿಮಾಡಿಕೊಂಡೇ ಮೈಕಿನ ಮುಂದೆ ಕೂರುತ್ತಿದ್ದರು. ಯಾರಿಗೆ ಕಾಣುತ್ತೆ ಅತ್ತಿಗೆ ಎಂದು ಒಮ್ಮೆ ಕೇಳಿದ್ದಕ್ಕೆ, "ತಲೆ ಬಾಚದೆ ಮಾತಾಡಿದ್ರೆ ದನೀಲಿ ಗೊತ್ತಾಗತ್ತೆ ಕಣೇ," ಅಂದಿದ್ದರು.

ಅವರ ತವರು ತರೀಕೆರೆ ಕಡೆ. ಅವರ ತಂದೆಗೆ ಕಣ್ಣು ಮಂಜಾಗಿದ್ದರಿಂದ ಮದುವೆಯಾಗುವವರೆಗೆ ದಿನಾ ಬೆಳಿಗ್ಗೆ ಪೇಪರನ್ನು ಮೊದಲಿಂದ ಕಡೆಯವರೆಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದರಂತೆ. ಆ ದನಿ ಹೇಗಿತ್ತೆಂದು ಬರೆಯುವುದು ಕಷ್ಟ. ಸಣ್ಣದಲ್ಲ, ತೀರಾ ಇಂಪಾದದ್ದೂ ಅಲ್ಲ. ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ, ನೀರಲ್ಲಿ ತೊಳೆದಿಟ್ಟ ಹಾಗೆ... ಕೇಳಿದವರು ಕೈಯಲ್ಲಿದ್ದ ಕೆಲಸ ನಿಲ್ಲಿಸುತ್ತಿದ್ದರು.

ನಾನು ಹಾಡಿನ ಕ್ಯಾಸೆಟ್ ತೆಗೆದು, ತಿರುಗಿಸಿ, ಕೇಳಿದ ಹಾಡು ಹುಡುಕುವಷ್ಟು ಹೊತ್ತು ಅತ್ತಿಗೆ ಮಾತಾಡುತ್ತಿರಬೇಕಿತ್ತು. ಕಾರ್ಖಾನೆಯ ಕ್ವಾರ್ಟರ್ಸ್‌ನಿಂದ ಒಬ್ಬ ವಯಸ್ಸಾದ ತಮಿಳು ಪಾಟಿ ಫೋನ್ ಮಾಡಿ ಹಳೇ ತಮಿಳು ಹಾಡು ಕೇಳುವರು, ಅತ್ತಿಗೆ ಗೊತ್ತಿದ್ದ ನಾಲ್ಕು ತಮಿಳು ಮಾತಿನಲ್ಲೇ ಅವರ ಮಂಡಿನೋವು ವಿಚಾರಿಸುವರು. ಗ್ಯಾರೇಜಿನ ಒಬ್ಬ ಸಾಬರು "ಸಲಾಂ ಮೇಡಂ, ನಮ್ಮ ಬೇಗಂಗೆ ಒಂದು ಹಾಡು," ಎನ್ನುವರು. ಪರೀಕ್ಷೆಗೆ ಕೂತ ಹುಡುಗರು, ಹೊಸದಾಗಿ ಮದುವೆಯಾದವರು, ನಾದಿನಿಯ ಹುಟ್ಟುಹಬ್ಬಕ್ಕೆ ಹಾಡು ಕೇಳುವವರು. ಆ ಅರ್ಧಗಂಟೆ ಇಡೀ ಊರು ಆ ಬೆಂದ ಕೋಣೆಗೆ ಬಂದುಹೋಗುತ್ತಿತ್ತು.

ಒಂದು ಸಲ ಸಿನಿಮಾ ಹಾಕಿ ನಾವಿಬ್ಬರೂ ಬಳೆ ಅಂಗಡಿಗೆ ಹೋಗಿದ್ದೆವು. ಅತ್ತಿಗೆ ಹಸಿರು ಬಳೆ ತೋರಿಸಿ ಅಂದದ್ದೇ ತಡ, ಅಂಗಡಿಯ ಮುದುಕ ಬಳೆಯ ಗೊಂಚಲು ಕೈಯಲ್ಲಿ ಹಿಡಿದು ಹಾಗೇ ನಿಂತ.

"ಇದು ಐದು ಗಂಟೆ ಅಮ್ಮನ ದನಿ ಅಲ್ವಾ?"

ಅಂಗಡಿಯಲ್ಲಿದ್ದ ಹೆಂಗಸರೆಲ್ಲ ತಿರುಗಿದರು. ಅತ್ತಿಗೆಯ ಕಿವಿ ಕೆಂಪಾಯಿತು. ಇಲ್ಲ ಎನ್ನಲು ಬಾಯಿ ತೆರೆದರೂ ಅದೇ ದನಿ ಬರುತ್ತದಲ್ಲ. ಬಳೆ ಕೊಳ್ಳದೆ ನನ್ನ ಕೈ ಹಿಡಿದು ಎಳೆದುಕೊಂಡು ಬಂದರು. ಮನೆಯ ಬಾಗಿಲು ಹಾಕಿ, ಗೋಡೆಗೆ ಒರಗಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅವರು ಹಾಗೆ ನಕ್ಕದ್ದನ್ನು ನಾನು ಮತ್ತೆ ನೋಡಲಿಲ್ಲ.

ಸುದ್ದಿ ಅಣ್ಣನಿಗೆ ಮುಟ್ಟಿತು. ಅವರು ಕೂಗಾಡುವವರಲ್ಲ. ಕೈ ತೊಳೆದು ಊಟಕ್ಕೆ ಕೂತಾಗ ತಟ್ಟೆ ನೋಡುತ್ತ ಹೇಳಿದರು. "ಊರು ಸಣ್ಣದು. ದನಿ ಕೇಳಿದವರು ಮುಖ ಹುಡುಕ್ತಾರೆ. ಹೊರಗೆ ಹೋದಾಗ ಸ್ವಲ್ಪ ಮಾತು ಕಮ್ಮಿ ಮಾಡು."

ಅಂದಿನಿಂದ ಪೇಟೆಯಲ್ಲಿ ಅತ್ತಿಗೆ ಮೂಗಿಯಾದರು. ಬೇಕಾದ್ದಕ್ಕೆ ಬೆರಳು ತೋರಿಸುವರು, ಚೌಕಾಸಿ ನಾನು ಮಾಡಬೇಕು.

ಇದಾಗಿ ಕೆಲವು ತಿಂಗಳಿಗೆ ಒಂದು ಮಧ್ಯಾಹ್ನ ಫೋನು ಬಂತು. ನಾನೇ ಎತ್ತಿ ಅತ್ತಿಗೆಗೆ ಕೊಟ್ಟೆ. ನಮ್ಮ ಊರಿನ ರೇಡಿಯೋ ನಿಲಯದಲ್ಲಿ ಕೆಲಸ ಮಾಡುವ ಹೆಂಗಸೊಬ್ಬರು. ನಾವೂ ದಿನಾ ಸಂಜೆ ಕೇಳುತ್ತೇವೆ, ಉಚ್ಚಾರಣೆ ಚೆನ್ನಾಗಿದೆ, ಹೊಸ ಉದ್ಘೋಷಕರನ್ನು ತೆಗೆದುಕೊಳ್ಳುತ್ತಿದ್ದಾರೆ, ಗುರುವಾರ ಬೆಳಿಗ್ಗೆ ದನಿ ಪರೀಕ್ಷೆಗೆ ಬರಲಿ ಎಂದರು. ಅತ್ತಿಗೆ ಫೋನು ಕೆಳಗಿಟ್ಟು, ಕೈಗೆ ಸಿಕ್ಕ ಕ್ಯಾಸೆಟ್ಟುಗಳನ್ನು ಜೋಡಿಸತೊಡಗಿದರು. ಯಂತ್ರದಲ್ಲಿ ಯಾವುದೋ ಹಾಡು ಓಡುತ್ತಿತ್ತು.

"ಗುರುವಾರ ಕಾಲೇಜಿಗೆ ಚಕ್ಕರ್ ಹೊಡೀತೀಯಾ?" ಎಂದು ಕೇಳಿದರು ಕೊನೆಗೆ.

ಅತ್ತಿಗೆ ಅಣ್ಣನಿಗೆ ಹೇಳಲಿಲ್ಲ. ಹೇಳಿದ್ದು ಅಜ್ಜಿಗೆ. ಅಜ್ಜಿಯ ಮಾತು ತೊದಲು, ಅತ್ತಿಗೆಯನ್ನು ಬಿಟ್ಟು ಬೇರೆ ಯಾರಿಗೂ ಸುಲಭಕ್ಕೆ ಅರ್ಥವಾಗುತ್ತಿರಲಿಲ್ಲ. ಗುರುವಾರ ಬೆಳಿಗ್ಗೆ ಅವರ ಮೈ ಒರೆಸಿ, ಗಂಜಿ ಕುಡಿಸಿ, ಕಾಲು ಮುಟ್ಟಿ ನಮಸ್ಕಾರ ಮಾಡಿದರು. ಇದ್ದುದರಲ್ಲಿ ಉದ್ದದ ಸಿನಿಮಾ ಆರಿಸಿ ಹಾಕಿದರು. ಆಕಾಶನೀಲಿ ಸೀರೆ ಉಟ್ಟು ಆಟೋ ಹತ್ತಿದರು.

ಅರ್ಧ ಸಿನಿಮಾ ಆಗಿರಬೇಕು, ಯಂತ್ರದೊಳಗೆ ಕರಕರ ಸದ್ದಾಗಿ ಟೇಪು ಸಿಕ್ಕಿಕೊಂಡಿತು. ಪರದೆ ನೀಲಿ. ಫೋನು ಒಂದರ ಮೇಲೊಂದು. ನಾನು ಮುಚ್ಚಳ ತೆಗೆದು, ಹೆಣೆದುಕೊಂಡ ಟೇಪನ್ನು ಬಿಡಿಸುತ್ತ ಬೆವರುತ್ತಿದ್ದೆ. ಬಿಡಿಸಿದಷ್ಟೂ ಹೊರಗೆ ಬರುತ್ತಿತ್ತು. ಕಡೆಗೆ ಇನ್ನೊಂದು ಯಂತ್ರಕ್ಕೆ ವೈರು ಬದಲಾಯಿಸಿ ಹಾಡಿನ ಕ್ಯಾಸೆಟ್ ಹಾಕಿ ಉಸಿರು ಬಿಡುವಷ್ಟರಲ್ಲಿ ಅಂಗಳದಲ್ಲಿ ಸ್ಕೂಟರ್ ನಿಂತಿತು. ಅಣ್ಣ ನ್ಯೂಟೌನಿನಲ್ಲಿ ಯಾರದೋ ಮನೆಯ ಟೀವಿ ಸರಿಮಾಡುತ್ತಿದ್ದಾಗ ಪರದೆ ನೀಲಿಯಾದದ್ದನ್ನು ಕಂಡಿದ್ದರು.

"ಎಲ್ಲಿ ಅವಳು?"

ನಾನು ಕೈಯಲ್ಲಿದ್ದ ಟೇಪನ್ನು ಕೆಳಗಿಟ್ಟೆ. ಅಷ್ಟರಲ್ಲಿ ಒಳಕೋಣೆಯಿಂದ ಅಜ್ಜಿ ಕೂಗಿದರು. ಒಮ್ಮೆ ಅರ್ಥವಾಗಲಿಲ್ಲ. ಮತ್ತೆ ಕೂಗಿದರು. ಸೊಟ್ಟಗಾದ ಬಾಯಿಂದ ಒಂದೊಂದೇ ಅಕ್ಷರ ನೂಕುತ್ತ ಹೇಳಿದರು.

"ನಾ... ನೇ... ಕಳ್ಸಿ... ದ್ದು."

ಅಣ್ಣ ಒಳಗೆ ಹೋದರು. ತಾಯಿ ಮಗ ಏನು ಮಾತಾಡಿದರೋ ನನಗೆ ತಿಳಿಯದು. ಹೊರಗೆ ಬಂದವರು ನನ್ನ ಪಕ್ಕ ನೆಲದಲ್ಲಿ ಕೂತು, ಸಿಕ್ಕಾದ ಟೇಪನ್ನು ಬೆರಳಿನಿಂದ ನಿಧಾನಕ್ಕೆ ಸುತ್ತತೊಡಗಿದರು.

ಅತ್ತಿಗೆ ಬಂದಾಗ ಹೊಸ್ತಿಲಲ್ಲೇ ನಿಂತರು. ಚಪ್ಪಲಿ ಬಿಡುವುದೋ ಬೇಡವೋ ಎಂಬಂತೆ.

"ಏನಂದ್ರು?" ಎಂದರು ಅಣ್ಣ, ತಲೆ ಎತ್ತದೆ.

"ಓದ್ಸಿದ್ರು. ತಿಳಿಸ್ತೀವಿ ಅಂದ್ರು."

"ಆಯ್ತು. ಇದು ಹಾಳಾಗಿದೆ ನೋಡು, ಬೇರೆ ಪ್ರಿಂಟ್ ತರ್ಬೇಕು."

ಅಷ್ಟೇ ಮಾತು.

ಎರಡು ವಾರದ ಮೇಲೆ ಮತ್ತೆ ಫೋನು ಬಂತು. ಆಯ್ಕೆಯಾಗಿದೆ. ಮೊದಲು ಒಂದಿಷ್ಟು ದಿನ ಬೆಳಿಗ್ಗೆಯಿಂದ ಸಂಜೆವರೆಗೆ ತರಬೇತಿ, ಆಮೇಲೆ ಸರದಿಯ ಮೇಲೆ ಕೆಲಸ. ಅಂದು ಮನೆಯಲ್ಲಿ ನಡೆದ ಮಾತಿಗೆ ನಾನೂ ಇದ್ದೆ. ಅಣ್ಣ ಬೇಡ ಎನ್ನಲಿಲ್ಲ. ಬೇಡ ಅಂದಿದ್ದರೆ ಜಗಳವನ್ನಾದರೂ ಆಡಬಹುದಿತ್ತು.

"ನಾನು ಬೇಡ ಅನ್ನಲ್ಲ. ಅಮ್ಮನ್ನ ಎತ್ತೋರು ಯಾರು, ಕ್ಯಾಸೆಟ್ ಹಾಕೋರು ಯಾರು, ನೀನೇ ಹೇಳು. ನೀನು ಹೇಳಿದಂಗೆ ಮಾಡೋಣ."

ಅತ್ತಿಗೆ ಗೋಡೆಯ ಕ್ಯಾಸೆಟ್ಟುಗಳನ್ನು ನೋಡುತ್ತಿದ್ದರು. ನಾನು ತಡೆಯಲಾರದೆ, "ನಾನು ಕಾಲೇಜು ಬಿಟ್ಟು ಬರ್ತೀನಿ ಅತ್ತಿಗೆ," ಅಂದೆ.

ಅವರು ನನ್ನ ಮೇಲೆ ಸಿಟ್ಟಾದದ್ದು ಅದೊಂದೇ ಸಲ.

"ನೀನೂ ಬಂದು ಇಲ್ಲೇ ಕೂತ್ಕೋತೀಯಾ? ಬಾಯಿ ಮುಚ್ಕೊಂಡು ಟೈಪ್ ಮಾಡು."

ಮರುದಿನ ಅತ್ತಿಗೆಯೇ ರೇಡಿಯೋ ನಿಲಯಕ್ಕೆ ಫೋನ್ ಮಾಡಿದರು. ನಾನು ಪಕ್ಕದಲ್ಲಿದ್ದೆ. "ನಮಸ್ಕಾರ ಮೇಡಂ. ನನ್ನನ್ನು ಆಯ್ಕೆ ಮಾಡಿದ್ದಕ್ಕೆ ತುಂಬಾ ಸಂತೋಷ. ಮನೆಯ ಪರಿಸ್ಥಿತಿಯಿಂದಾಗಿ ಸದ್ಯಕ್ಕೆ ಬರಲು ಸಾಧ್ಯವಾಗುತ್ತಿಲ್ಲ. ದಯವಿಟ್ಟು ತಪ್ಪು ತಿಳಿಯಬೇಡಿ." ಒಂದು ಅಕ್ಷರ ಅಲುಗಾಡಲಿಲ್ಲ. ಅಷ್ಟು ಚೆಂದವಾಗಿ ಯಾರೂ ಒಂದು ಕೆಲಸವನ್ನು ಬೇಡ ಎಂದಿರಲಾರರು. ಒಳಗೆ ಅಜ್ಜಿ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿ ಮಲಗಿದ್ದರು, ಆ ದಿನ ಗಂಜಿ ಕುಡಿಯಲಿಲ್ಲ. ಸಂಜೆ ಐದಕ್ಕೆ ಅತ್ತಿಗೆ ಎಂದಿನಂತೆ ಮುಖ ತೊಳೆದು ಪೌಡರ್ ಹಚ್ಚಿಕೊಂಡರು.

ನನ್ನ ಎರಡನೇ ಪಿಯುಸಿ ಮುಗಿದ ಬೇಸಿಗೆಯಲ್ಲಿ ಗಂಡು ಬಂತು. ಟೈಲ್ಸ್ ಅಂಗಡಿ ಇಟ್ಟವನು, ಊರಲ್ಲೇ ಮನೆ. ಅಪ್ಪನಿಗೆ ಆಗ ಕಾರ್ಖಾನೆಯಿಂದ ಕೈಬಿಡುತ್ತಾರೆಂಬ ಭಯ. ಕೆಲಸ ಇರುವಾಗಲೇ ಮುಗಿಸಿಬಿಡೋಣ ಎಂದು ಹಟ. ನಾನು ಅತ್ತಿಗೆಯನ್ನು ಏನೂ ಕೇಳಿರಲಿಲ್ಲ, ಬಂದ ಸುದ್ದಿ ಹೇಳಿ ಅತ್ತಿದ್ದೆ, ಅಷ್ಟೆ. ಎರಡು ದಿನ ಬಿಟ್ಟು ಮಧ್ಯಾಹ್ನ ಅವರು ನಮ್ಮ ಮನೆಯ ಬಾಗಿಲಲ್ಲಿ ನಿಂತಿದ್ದರು. ಅದೇ ಆಕಾಶನೀಲಿ ಸೀರೆ.

"ಚಿಕ್ಕಪ್ಪ ಇದ್ದಾರಾ?"

ಬನಿಯನ್ನಿನಲ್ಲಿ ಕೂತಿದ್ದ ಅಪ್ಪ ಎದ್ದು ನಿಂತರು. ಅಂಗಿ ಹುಡುಕಿದರು. ಸಿನಿಮಾ ಹಾಡೆಂದರೆ ಮುಖ ಕಿವಿಚುತ್ತಿದ್ದ ಅಪ್ಪ, "ಟೀವೀಲಿ ಕೇಳಿದಂಗೇ ಇದೆಯಲ್ಲಮ್ಮ ನಿಮ್ಮ ದನಿ," ಅಂದರು. ನಾನು ಅಮ್ಮನ ಮುಖ ನೋಡಿದೆ. ಅಮ್ಮ ಸೆರಗಲ್ಲಿ ನಗು ಮುಚ್ಚಿಕೊಂಡರು. ನಾನು ಕೆಲಸಕ್ಕೆ ಹೋದ ಮೇಲೆ ಅಪ್ಪ ದಿನಾ ಐದಕ್ಕೆ ಟೀವಿ ಹಾಕಿಕೊಂಡು ಕೂರುತ್ತಿದ್ದರೆಂದು ನನಗೆ ಗೊತ್ತಾದದ್ದೇ ಆಗ.

ನಮ್ಮ ಮನೆಯ ಟೀವಿಯಲ್ಲಿ ಅತ್ತಿಗೆ ಹಾಕಿಬಂದ ಸಿನಿಮಾವೇ ಓಡುತ್ತಿತ್ತು. ಅವರು ಮಾತಾಡುತ್ತ ಮಾತಾಡುತ್ತ ಅದರ ಕಡೆ ಕಣ್ಣು ಹಾಯಿಸುತ್ತಿದ್ದರು. ಬೇರೆಯವರು ಗಡಿಯಾರ ನೋಡುವ ಹಾಗೆ.

"ಇನ್ನೊಂದು ಹಾಡಿದೆ. ಆಮೇಲೆ ಫೈಟು. ಅಷ್ಟರಲ್ಲಿ ನಾನು ಹೊರಡಬೇಕು ಚಿಕ್ಕಪ್ಪ, ಅದಕ್ಕೇ ಸುತ್ತುಬಳಸಿ ಹೇಳಲ್ಲ. ಇವಳು ಓದಲಿ. ಶಿವಮೊಗ್ಗಕ್ಕೆ ಬಸ್ಸಲ್ಲಿ ಹೋಗಿ ಬರಲಿ."

"ಗಂಡು ಒಳ್ಳೆಯವನು ಕಣಮ್ಮ. ಮನೆತನ ಒಳ್ಳೇದು," ಎಂದರು ಅಪ್ಪ.

"ಇರಬಹುದು ಚಿಕ್ಕಪ್ಪ," ಅಂದರು ಅತ್ತಿಗೆ. "ನಮ್ಮನೆಯವರೂ ಒಳ್ಳೆಯವರೇ."

ಟೀವಿಯಲ್ಲಿ ಹಾಡು ಶುರುವಾಯಿತು. ಅತ್ತಿಗೆ ಅಮ್ಮ ಕೊಟ್ಟ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದು ಲೋಟ ಕೆಳಗಿಟ್ಟು ಎದ್ದರು. ಹಾಡು ಮುಗಿಯುವ ಮೊದಲೇ ಬೀದಿಯ ತಿರುವು ದಾಟಿದ್ದರು.

ಮಾರನೇ ದಿನ ಅಪ್ಪ ಗಂಡಿನ ಕಡೆಯವರಿಗೆ ಹೇಳಿ ಕಳಿಸಿದರು, ಇನ್ನೂ ಓದಿಸಬೇಕು ಅಂತಿದ್ದೀವಿ ಎಂದು.

ಶಿವಮೊಗ್ಗದ ಕಾಲೇಜಿಗೆ ಸೇರಿದ ಮೇಲೆ ಕೆಲಸ ಬಿಟ್ಟೆ. ಮಾಚೇನಹಳ್ಳಿಯ ಮೇಲೆ ಹಾದು ಹೋಗುವ ಖಾಸಗಿ ಬಸ್ಸಿನಲ್ಲಿ ಜೋತುಬಿದ್ದುಕೊಂಡು ಹೋಗುವಾಗಲೂ ನನಗೆ ಹಾರಾಡಿದಂತಿತ್ತು. ರಜೆಯಲ್ಲಿ ಹೋದರೆ ಅತ್ತಿಗೆ ಕಾಲೇಜಿನ ಒಂದೊಂದು ವಿಷಯವನ್ನೂ ಕೇಳುವರು. ಸಿನಿಮಾದ ಮಧ್ಯಭಾಗ ಕೇಳುತ್ತಿದ್ದ ಹಾಗೇ. ನಾನು ಬಿ.ಎಡ್. ಮುಗಿಸುವಷ್ಟರಲ್ಲಿ ದೊಡ್ಡ ಕಂಪನಿಯವರು ಊರಿನ ಕೇಬಲ್ ಲೈನುಗಳನ್ನೆಲ್ಲ ಕೊಂಡುಕೊಂಡಿದ್ದರು. ಐದು ಗಂಟೆಯ ಕಾರ್ಯಕ್ರಮ ನಿಂತಿತು. ಅಜ್ಜಿಯೂ ಹೋದರು. ಈಗ ಅತ್ತಿಗೆಯನ್ನು ಕಟ್ಟಿಹಾಕುವ ಕ್ಯಾಸೆಟ್ಟೂ ಇಲ್ಲ, ಮಂಚವೂ ಇಲ್ಲ ಎಂದು ನಾನು ಅಂದುಕೊಂಡೆ. ಒಮ್ಮೆ ಸಿಕ್ಕಾಗ ಕೇಳಿಯೂ ಕೇಳಿದೆ, ಈಗ ರೇಡಿಯೋಗೆ ಪ್ರಯತ್ನ ಮಾಡಬಹುದಲ್ವಾ ಅತ್ತಿಗೆ ಎಂದು.

"ಅವರಿಗೆ ಬೇಕಾದ ವಯಸ್ಸು ದಾಟಿತು ಕಣೇ," ಅಂದರು. "ಮತ್ತೆ ಈಗ ಹೊರಗೆ ಹೋಗೋದು ಅಂದ್ರೆ ಕಾಲೇ ಬರಲ್ಲ. ಮೂರು ಗಂಟೆ ಆಗ್ತಿದ್ದಂಗೆ ಎದೆ ಹೊಡ್ಕೊಳ್ಳತ್ತೆ, ಏನೋ ಬಿಟ್ಟು ಬಂದಿದೀನಿ ಅಂತ."

ಅಣ್ಣ ಮಾಚೇನಹಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ಕೆಲಸಕ್ಕೆ ಸೇರಿದರು. ನನಗೆ ಶಿವಮೊಗ್ಗದಲ್ಲೇ ಶಾಲೆಯ ಕೆಲಸ, ಆಮೇಲೆ ಮದುವೆ, ಹೊಸಮನೆ ಬಡಾವಣೆಯಲ್ಲಿ ಮನೆ. ಹೋಗಿಬರುವುದು ಕಡಿಮೆಯಾಗುತ್ತ ಬಂತು... ಹಾಗೇ ಆಗುತ್ತದಲ್ಲ.

ಕಳೆದ ವರ್ಷ ಅಮ್ಮ ಫೋನ್ ಮಾಡಿ ಹೇಳಿದರು. ಜ್ವರ ಎಂದು ಮಲಗಿದ ಅತ್ತಿಗೆ ಏಳಲಿಲ್ಲವಂತೆ. ನನಗೆ ತಿಳಿಯುವಷ್ಟರಲ್ಲಿ ಎಲ್ಲ ಮುಗಿದಿತ್ತು. ನಾನು ಹೋದಾಗ ಅಣ್ಣ ಒಬ್ಬರೇ ಇದ್ದರು. ಮುಂಗೋಣೆಯಲ್ಲಿ ಯಂತ್ರಗಳಿರಲಿಲ್ಲ. ಕಿಟಕಿಗಳು ತೆರೆದಿದ್ದವು. ಇಬ್ಬರೂ ಅದೂ ಇದೂ ಮಾತಾಡಿದೆವು. ಗೇಟಿನವರೆಗೆ ಬಂದು ನಿಂತ ಮೇಲೆ ಅಣ್ಣ ಕೇಳಿದರು.

"ನಿನ್ನ ಹತ್ರ ಏನಾದ್ರೂ ಇದ್ಯಾ, ಅವಳು ಮಾತಾಡಿದ್ದು? ಆ ಪ್ರೋಗ್ರಾಂದು. ಯಾರಾದ್ರೂ ಟೇಪಲ್ಲಿ ಹಿಡಿದಿಟ್ಟಿರಬಹುದಾ?"

"ಇಲ್ಲ ಅಣ್ಣ."

"ಅಷ್ಟು ವಿಸಿಆರ್ ಇತ್ತು ಮನೇಲಿ. ಒಂದು ದಿನ ಒಂದು ಬಟನ್ ಒತ್ತಿದ್ರೆ ಆಗಿತ್ತು." ಗೇಟಿನ ಚಿಲಕವನ್ನು ಹಾಕುತ್ತ, ತೆಗೆಯುತ್ತ ನಿಂತಿದ್ದರು. "ಮೊಬೈಲಲ್ಲೂ ಇಲ್ಲ. ಆಮೇಲಾಮೇಲೆ ಮನೇಲೂ ಜಾಸ್ತಿ ಮಾತೇ ಆಡ್ತಿರಲಿಲ್ಲ ಅವಳು."

ನಾನು ಸಂಜೆಯ ಬಸ್ಸು ಹಿಡಿದು ಶಿವಮೊಗ್ಗಕ್ಕೆ ವಾಪಸು ಬಂದೆ.

ತರಗತಿಯಲ್ಲಿ ಪಾಠ ಓದಿ ಹೇಳುವಾಗ, ಅಡುಗೆಮನೆಯಲ್ಲಿ ಒಬ್ಬಳೇ ಇರುವಾಗ, ನಾನು ಆ ದನಿಯನ್ನು ನೆನಪಿಸಿಕೊಳ್ಳಲು ನೋಡುತ್ತೇನೆ. ಅವರು ಬಾಗಿಲಲ್ಲಿ ನಿಂತು ಕೇಳಿದ್ದು, ಫೋನಿನಲ್ಲಿ ಹೇಳಿದ್ದು, ಅಪ್ಪನಿಗೆ ಅಂದದ್ದು, ಮಾತುಗಳೆಲ್ಲ ಒಂದೂ ಬಿಡದೆ ಬರುತ್ತವೆ. ಆದರೆ ಅವುಗಳನ್ನು ಆಡುತ್ತಿರುವ ದನಿ ನನ್ನದೇ.